ಪೆಟ್ಟು ಮತ್ತು ಅಂಕಿ: ಮನೆ ಸ್ಟುಡಿಯೋಗೆ ಡ್ರಮ್ ಪ್ಯಾಡ್, ಟ್ರಿಗರ್‌ಗಳ ಆಯ್ಕೆ

ಮನೆಯಲ್ಲೇ ಧ್ವನಿಮುದ್ರಣ ಮಾಡುವವರು ಎಲೆಕ್ಟ್ರಾನಿಕ್ ಡ್ರಮ್ ಕೊಳ್ಳಲು ಹೊರಟಾಗ ಮೊದಲು ವಿಚಾರಿಸುವುದು ಪೆಟ್ಟನ್ನು ನಾದವಾಗಿಸುವ ಪೆಟ್ಟಿಗೆಯಲ್ಲಿ, ಅಂದರೆ ಮಾಡ್ಯೂಲಿನಲ್ಲಿ, ಎಷ್ಟು ಬಗೆಯ ನಾದಗಳಿವೆ ಎಂದು. ಸ್ಟುಡಿಯೋ ಕೆಲಸಕ್ಕೆ ಇದು ಗೌಣ. ನಾದವನ್ನು ಮುದ್ರಣವಾದ ಮೇಲೂ ಕಂಪ್ಯೂಟರಿನಲ್ಲಿ ಬದಲಿಸಬಹುದು. ಪ್ಯಾಡಿನ ಸಂವೇದಕ ಗ್ರಹಿಸದೆ ಬಿಟ್ಟದ್ದನ್ನು ಯಾವ ತಂತ್ರಾಂಶವೂ ಮರಳಿ ತಾರದು. ಆದ್ದರಿಂದ ಖರೀದಿಯ ವಿಚಾರ ಪ್ಯಾಡಿನಿಂದಲೇ ಆರಂಭವಾಗಬೇಕೆಂಬುದು ಈ ಲೇಖನದ ವಾದ.

1981ರ ಸಿಮನ್ಸ್ ಎಸ್‌ಡಿಎಸ್-5ರ ಷಟ್ಕೋನ ಪ್ಯಾಡುಗಳು ಗಡುಸಾಗಿದ್ದವು. ವಾದಕರ ಮಣಿಕಟ್ಟು ನೋಯುತ್ತಿತ್ತು. 1997ರಲ್ಲಿ ರೋಲ್ಯಾಂಡ್‌ನ ವಿ-ಡ್ರಮ್ಸ್ ಬಲೆಯಂಥ ಮೆಶ್ ಹೊದಿಕೆಯನ್ನು ತಂದಿತು. ಹೊದಿಕೆ ಬದಲಾದರೂ ಪೆಟ್ಟನ್ನು ಅಳೆಯುವ ಕ್ರಮ ಹೆಚ್ಚು ಬದಲಾಗಲಿಲ್ಲ. ಕೋಲು ಬಿದ್ದೊಡನೆ ಬಿಲ್ಲೆಯಾಕಾರದ ಪೀಜೋ ಸಂವೇದಕದಲ್ಲಿ ವಿದ್ಯುತ್ ಒತ್ತಡ ಎದ್ದು, ಏರಿಳಿಯುತ್ತ ಅಡಗುತ್ತದೆ. ಮಾಡ್ಯೂಲ್ ಕೆಲವು ಮಿಲಿಸೆಕೆಂಡು ಕಾದು, ಆ ಅಲೆಯ ಶಿಖರವನ್ನು 1ರಿಂದ 127ರೊಳಗಿನ ಒಂದು ಅಂಕಿಯಾಗಿಸಿ ಮಿಡಿ ಸಂದೇಶವಾಗಿ ಕಳಿಸುತ್ತದೆ. ಕಾಯುವುದು ಕಡಿಮೆಯಾದರೆ ಶಿಖರ ತಪ್ಪಿ ಜೋರು ಪೆಟ್ಟು ಮೆಲುವಾಗಿ ದಾಖಲಾದೀತು. ಹೆಚ್ಚಾದರೆ ನಾದ ತಡವಾಗುತ್ತದೆ. ಆಮೇಲೆ ಮಾಸ್ಕ್ ಅವಧಿ: ಅಷ್ಟು ಹೊತ್ತು ಮಾಡ್ಯೂಲ್ ಮತ್ತೊಂದು ಪೆಟ್ಟನ್ನು ಸ್ವೀಕರಿಸುವುದಿಲ್ಲ. ಅದು ಮೊಟಕಾದರೆ ಒಂದು ಪೆಟ್ಟು ಎರಡಾಗಿ ಕೇಳುತ್ತದೆ, ಉದ್ದವಾದರೆ ರೋಲ್ ನುಡಿಸುವಾಗ ಪೆಟ್ಟುಗಳು ಕಳೆದುಹೋಗುತ್ತವೆ. ಈ ಎರಡನ್ನೂ ಪ್ರತಿ ಪ್ಯಾಡಿಗೂ ಬೇರೆಬೇರೆಯಾಗಿ ಹೊಂದಿಸಲು ಬಿಡದ ಮಾಡ್ಯೂಲನ್ನು ಸ್ಟುಡಿಯೋಗೆ ಕೊಳ್ಳಬಾರದು.

ವಿಳಂಬದ ದೂರನ್ನು ಜನ ಪ್ಯಾಡಿನ ಮೇಲೆ ಹೊರಿಸುವುದುಂಟು. ಹಳೆಯ ಐದು ಪಿನ್ನಿನ ಮಿಡಿ ಕೇಬಲಿನಲ್ಲಿ ಒಂದು ಪೆಟ್ಟಿನ ಸಂದೇಶ ಸಾಗಲು ಸುಮಾರು 1 ಮಿಲಿಸೆಕೆಂಡು ಸಾಕು. ಆದರೆ ಕಂಪ್ಯೂಟರ್ ಧ್ವನಿಯನ್ನು ತುಸು ಹೊತ್ತು ಹಿಡಿದಿಡುವ ಬಫರ್, 44,100 ಹರ್ಟ್ಸ್ ದರದಲ್ಲಿ 256 ಸ್ಯಾಂಪಲ್‌ಗಳದ್ದಾದರೆ, ಅದೊಂದೇ ಸುಮಾರು 6 ಮಿಲಿಸೆಕೆಂಡು ನುಂಗುತ್ತದೆ. ಪ್ಯಾಡ್ ಬದಲಿಸುವ ಮುನ್ನ ಬಫರನ್ನು 64ಕ್ಕೋ 128ಕ್ಕೋ ಇಳಿಸಿ ನೋಡಬೇಕು.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಮಾಮೂಲಿ ಡ್ರಮ್ಮಿಗೆ ಹೊರಗಿನಿಂದ ಟ್ರಿಗರ್, ಅಂದರೆ ಪೆಟ್ಟನ್ನು ಗ್ರಹಿಸುವ ಸಂವೇದಕ, ಕಟ್ಟಿದರೆ ಸದ್ದೇನೂ ತಗ್ಗುವುದಿಲ್ಲ. ಚರ್ಮದ ಜಾಗಕ್ಕೆ ಮೆಶ್ ಹಾಕಬೇಕು. ಅಷ್ಟಾದರೂ ಕಿಕ್ ಪೆಡಲಿನ ಅದುರು ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ.

ನಮ್ಮ ವಾದ್ಯಗಳ ವಿಷಯದಲ್ಲಿ, ಪ್ರತಿ ಪೆಟ್ಟನ್ನೂ ಒಂದೇ ಅಂಕಿಗೆ ಇಳಿಸುವ ಮಾಡ್ಯೂಲಿನ ಬಡತನ ಎದ್ದು ಕಾಣುತ್ತದೆ. ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಮೇಲೆ ಪ್ರಬಂಧ ಪ್ರಕಟಿಸಿದರು. ಅದರ ಪ್ರಕಾರ, ನಡುವೆ ಕರಣೆ ಎಂಬ ಕಪ್ಪು ಲೇಪ ಮೆತ್ತಿ ತೂಕ ಕೊಟ್ಟ ಮೃದಂಗದ ಚರ್ಮ, ಬರಿಯ ಚರ್ಮದಂತಲ್ಲದೆ, ಶ್ರುತಿಬದ್ಧವಾದ ಮೇಲುಸ್ವರಗಳನ್ನು ಹೊಮ್ಮಿಸುತ್ತದೆ. ಬೆರಳು ಎಲ್ಲಿ ತಾಗಿತು, ಎಲ್ಲಿ ಒತ್ತಿ ನಿಂತಿತು ಎಂಬುದರ ಮೇಲೆ ಆ ಸ್ವರಗಳಲ್ಲಿ ಯಾವುದು ಉಳಿಯಬೇಕು, ಯಾವುದು ಅಡಗಬೇಕು ಎಂಬುದು ತೀರ್ಮಾನವಾಗುತ್ತದೆ. ಮೃದಂಗದ ಪೆಟ್ಟುಗಳಲ್ಲಿ ಮೀಟು ಬೇರೆ, ಚಾಪು ಬೇರೆಯಾಗುವುದು ಹೀಗೆ. ಬಿರುಸನ್ನಷ್ಟೇ ಅಳೆಯುವ ಪ್ಯಾಡಿಗೆ ಎರಡೂ ಒಂದೇ. ಆರ್ಕೆಸ್ಟ್ರಾ ವೇದಿಕೆಯಲ್ಲಿ ಆಕ್ಟೊಪ್ಯಾಡ್ ಎಂಬ ಎಲೆಕ್ಟ್ರಾನಿಕ್ ಪ್ಯಾಡ್ ಎಷ್ಟೇ ಉಪಯುಕ್ತವಾದರೂ ಮೃದಂಗದ ತನಿ ಆವರ್ತನವನ್ನು ಅದರಲ್ಲಿ ಮುದ್ರಿಸುವುದು ವಾದಕನಿಗೆ ಮಾಡುವ ಅನ್ಯಾಯ.

ಡ್ರಮ್ ಕಿಟ್ಟಿಗೆ ಹಣ ಮಿತವಾಗಿದ್ದರೆ ಸ್ನೇರ್ ಮತ್ತು ಹೈ-ಹ್ಯಾಟ್‌ಗೆ ಹೆಚ್ಚು ಸುರಿಯಿರಿ. ಸ್ನೇರ್‌ನ ನಡುವೆ ಮತ್ತು ಅಂಚಿಗೆ ಪ್ರತ್ಯೇಕ ಸಂವೇದಕವಿರಲಿ. ಹೈ-ಹ್ಯಾಟ್ ಪೆಡಲ್ ಪೂರ್ತಿ ತೆರೆದ, ಪೂರ್ತಿ ಮುಚ್ಚಿದ ಸ್ಥಿತಿಗಳ ನಡುವಿನ ಹಂತಗಳನ್ನೂ ತಿಳಿಸುವಂತಿರಲಿ. ಟಾಮ್‌ಗಳಿಗೆ ಅಗ್ಗದ ರಬ್ಬರ್ ಪ್ಯಾಡ್ ನಡೆಯುತ್ತದೆ. ಮೃದಂಗ, ತಬಲಾ ಮುದ್ರಿಸಬೇಕೆನ್ನುವವರು ಆ ಹಣದಲ್ಲಿ ಎರಡು ಒಳ್ಳೆಯ ಮೈಕ್ ಕೊಳ್ಳಲಿ.