ಸಿಡಾನಿನ ಕಲ್ಲಿನ ಶವಪೆಟ್ಟಿಗೆ

ಹೆಣವನ್ನಿಡುವ ಕಲ್ಲಿನ ಪೆಟ್ಟಿಗೆಗೆ ‘ಸಾರ್ಕೊಫಾಗಸ್’ ಎನ್ನುತ್ತಾರೆ. ಗ್ರೀಕ್ ಮಾತಿನಲ್ಲಿ ‘ಮಾಂಸ ತಿನ್ನುವುದು’ ಎಂದು ಅದರ ಅರ್ಥ. ಅಸ್ಸೋಸ್ ಎಂಬ ಊರಿನ ಕಲ್ಲು 40 ದಿನಗಳಲ್ಲಿ ಹಲ್ಲು ಬಿಟ್ಟು ಉಳಿದ ದೇಹವನ್ನೆಲ್ಲ ಕರಗಿಸುತ್ತದೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇಂಥ ಪೆಟ್ಟಿಗೆಗಳಲ್ಲಿ ಅತ್ಯಂತ ಹೆಸರಾದದ್ದು ಯಾವ ಜನರಿಗೆ ಸೇರಿದ್ದು ಎಂಬುದೇ ಇಂದಿನ ನನ್ನ ಪ್ರಶ್ನೆ.

ಈಗಿನ ಲೆಬನಾನಿನ ಕಡಲತಡಿಯಲ್ಲಿ ಸಿಡಾನ್ ಎಂಬ ಪುರಾತನ ಪಟ್ಟಣವಿದೆ. 1887ರಲ್ಲಿ ಅದರ ಹತ್ತಿರ ನೆಲದಡಿಯ ರಾಜ ಸಮಾಧಿಗಳು ಬೆಳಕಿಗೆ ಬಂದವು. ಆಗ ಆ ಸೀಮೆ ತುರ್ಕರ ಆಳ್ವಿಕೆಯಲ್ಲಿತ್ತು. ಇಸ್ತಾಂಬುಲ್ ವಸ್ತುಸಂಗ್ರಹಾಲಯದ ಮುಖ್ಯಸ್ಥರಾದ ಉಸ್ಮಾನ್ ಹಮ್ದಿ ಬೇ ಅವರೇ ಬಂದು ನಿಂತು ಅಗೆಸಿದರು. ಪ್ರಾಚೀನ ವಸ್ತುಗಳು ದೇಶ ಬಿಟ್ಟು ಹೋಗಕೂಡದೆಂಬ 1884ರ ಕಾಯಿದೆಯ ಹಿಂದೆಯೂ ಅವರೇ ಇದ್ದರು. ಅದಿಲ್ಲದಿದ್ದರೆ ಈ ಪೆಟ್ಟಿಗೆ ಲಂಡನ್ನಿಗೋ ಪ್ಯಾರಿಸಿಗೋ ಹಡಗು ಹತ್ತುತ್ತಿತ್ತೆಂದು ನನ್ನ ಎಣಿಕೆ.

ಉದ್ದ ಮೂರು ಮೀಟರಿಗೂ ಹೆಚ್ಚು. ಅಥೆನ್ಸ್ ಬಳಿಯ ಪೆಂಟೆಲಿಕ್ ಬೆಟ್ಟದ ಅಮೃತಶಿಲೆ. ಮುಚ್ಚಳ ಗ್ರೀಕ್ ಗುಡಿಯ ಮಾಡಿನಂತೆ. ಒಂದು ಮಗ್ಗುಲಲ್ಲಿ ಯುದ್ಧ: ತಲೆಗೆ ಸಿಂಹದ ತೊಗಲು ಹೊದ್ದ ಅಲೆಕ್ಸಾಂಡರ್ ಕುದುರೆಯ ಮೇಲಿಂದ ಪರ್ಷಿಯನ್ನರ ಮೇಲೆ ಬೀಳುತ್ತಿದ್ದಾನೆ. ಇನ್ನೊಂದು ಮಗ್ಗುಲಿಗೆ ಬನ್ನಿ. ಅದೇ ಗ್ರೀಕರು, ಅದೇ ಷರಾಯಿ ತೊಟ್ಟ ಪರ್ಷಿಯನ್ನರು, ಈಗ ಒಟ್ಟಾಗಿ ಸಿಂಹದ ಬೇಟೆಯಾಡುತ್ತಿದ್ದಾರೆ! ಕೆಂಪು, ಹಳದಿ, ನೀಲಿ ಬಣ್ಣಗಳ ಗುರುತು ಇನ್ನೂ ಉಳಿದಿದೆ. ಕೈಗಳಿಗೆ ಸಿಕ್ಕಿಸಿದ್ದ ಲೋಹದ ಆಯುಧಗಳು ಮಾತ್ರ ಬಹುಪಾಲು ಕಳೆದುಹೋಗಿವೆ.

‘ಅಲೆಕ್ಸಾಂಡರನ ಶವಪೆಟ್ಟಿಗೆ’ ಎಂದು ಕರೆದರೂ ಅದರಲ್ಲಿ ಮಲಗಿದವನು ಅವನಲ್ಲ. ಅವನು ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ಸತ್ತ. ದೇಹ ಈಜಿಪ್ಟಿಗೆ ಹೋಯಿತು. ಅವನು ಸಿಡಾನಿನ ಗದ್ದುಗೆಯಲ್ಲಿ ಕೂರಿಸಿದ ಅಬ್ದಲೋನಿಮಸ್ ಎಂಬ ಫಿನೀಷಿಯನ್ ಅರಸನದು ಇದೆಂದು ಹೆಚ್ಚಿನ ವಿದ್ವಾಂಸರ ಮತ. ರಾಜವಂಶದವನಾದರೂ ಆತ ತೋಟದ ಕೆಲಸ ಮಾಡಿ ಬದುಕುತ್ತಿದ್ದನಂತೆ. ಪೆಟ್ಟಿಗೆಯ ಮೇಲೆ ಒಂದಕ್ಷರವೂ ಇಲ್ಲದ್ದರಿಂದ ವಾದ ಮುಗಿದಿಲ್ಲ.

ಕಲ್ಲು ಗ್ರೀಸಿನದು, ಉಳಿಯ ಕೆಲಸ ಗ್ರೀಕ್ ಪದ್ಧತಿಯದು, ಅರಸ ಫಿನೀಷಿಯದವನು, ಈಗ ಇರುವುದು ಇಸ್ತಾಂಬುಲಿನಲ್ಲಿ. ಇದನ್ನು ಒಬ್ಬರ ಖಾತೆಗೆ ಬರೆಯುವುದು ಹೇಗೆ? ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಿಮಗೆ ಈ ತೊಡಕು ಹೊಸದಲ್ಲ. ಗ್ರೀಸಿನ ಕೋಸ್ ದ್ವೀಪದಲ್ಲಿ ಇದೇ ಅಬ್ದಲೋನಿಮಸನ ಮಗ ಹಾಕಿಸಿದ ಒಂದು ಶಾಸನ ಸಿಕ್ಕಿದೆ. ನಾವಿಕರ ಹೆಸರಿನಲ್ಲಿ ದೇವಿಗೆ ಅರ್ಪಿಸಿದ್ದು. ಗ್ರೀಕ್ ಪಾಠದಲ್ಲಿ ಆ ದೇವಿ ಅಫ್ರೊಡೈಟಿ, ಫಿನೀಷಿಯನ್ ಪಾಠದಲ್ಲಿ ಅಸ್ಟಾರ್ಟೆ. ಎರಡೂ ಒಂದೇ ಕಲ್ಲಿನ ಮೇಲಿವೆ.