ಕಂಪ್ಯೂಟರ್ ಆನ್ ಆಗದಿದ್ದರೆ ಮುಂದೇನು? ಡಿಸ್ಕ್ ಇಮೇಜ್, ರೆಸ್ಕ್ಯೂ ಪೆನ್‌ಡ್ರೈವ್ ಸಿದ್ಧಪಡಿಸುವ ವಿಧಾನ ಇಲ್ಲಿದೆ

2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ಸಾಫ್ಟ್‌ವೇರ್‌ಗೆ ಒಂದು ಸಣ್ಣ ಅಪ್‌ಡೇಟ್ ಕಳುಹಿಸಿತು. ಅದರಲ್ಲಿದ್ದ ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಅದೇ ದಿನ ಪುಣೆ, ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಕೆಲವೆಡೆ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು.

ದೋಷಪೂರಿತ ಅಪ್‌ಡೇಟ್ ಅನ್ನು ಕಂಪನಿ 10.57ಕ್ಕೇ ಹಿಂಪಡೆದಿತ್ತು. ಆದರೆ ಅಷ್ಟರಲ್ಲಿ ಕೆಟ್ಟುನಿಂತ ಬಹುಪಾಲು ಯಂತ್ರಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ವಿಂಡೋಸ್ ಆರಂಭವೇ ಆಗದಿದ್ದರೆ ಇಂಟರ್ನೆಟ್ ಮೂಲಕ ಪರಿಹಾರ ತಲುಪುವುದಾದರೂ ಹೇಗೆ? ಐಟಿ ಸಿಬ್ಬಂದಿ ಒಂದೊಂದೇ ಕಂಪ್ಯೂಟರ್ ಬಳಿ ಹೋಗಿ, ಸೇಫ್ ಮೋಡ್ ಅಥವಾ ರಿಕವರಿ ಪರದೆ ತೆರೆದು, ತೊಂದರೆ ಕೊಡುತ್ತಿದ್ದ ಫೈಲ್ ಅಳಿಸಬೇಕಾಯಿತು. ಈ ಕೆಲಸಕ್ಕೆಂದೇ ಮೈಕ್ರೋಸಾಫ್ಟ್ ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಪ್ರತ್ಯೇಕ ರಿಕವರಿ ಟೂಲ್ ಬಿಡುಗಡೆ ಮಾಡಿತು.

ಆ ದಿನ ತೊಂದರೆಗೆ ಸಿಲುಕಿದ್ದು ಕಂಪನಿಗಳ ಕಂಪ್ಯೂಟರ್‌ಗಳು. ಆದರೆ ಹಾರ್ಡ್‌ಡಿಸ್ಕ್ ಕೆಟ್ಟರೆ, ರಾನ್ಸಮ್‌ವೇರ್ ದಾಳಿಯಾದರೆ, ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮನೆಯ ಲ್ಯಾಪ್‌ಟಾಪ್‌ಗೂ, ಊರಿನ ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗೂ ಇದೇ ಗತಿ. ಇಂಥ ಹೊತ್ತಿಗೆ ಮೂರು ವಸ್ತುಗಳು ಮೊದಲೇ ಸಿದ್ಧವಿರಬೇಕು: ಡಿಸ್ಕ್ ಇಮೇಜ್, ಬೂಟ್ ಆಗುವ ರೆಸ್ಕ್ಯೂ ಪೆನ್‌ಡ್ರೈವ್ ಮತ್ತು ಬಿಟ್‌ಲಾಕರ್ ರಿಕವರಿ ಕೀ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ಕೆಲಸಕ್ಕೆ ಬಾರದೆ ಹೋಗಬಹುದು.

ಡಿಸ್ಕ್ ಇಮೇಜ್ ಎಂದರೇನು?

ಫೋಟೊ, ದಾಖಲೆಗಳನ್ನು ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿಡುವುದು ಫೈಲ್ ಬ್ಯಾಕಪ್. ಅದರಿಂದ ಫೈಲ್‌ಗಳು ಮರಳಿ ಸಿಗುತ್ತವೆ, ಆದರೆ ವಿಂಡೋಸ್, ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್, ಸೆಟ್ಟಿಂಗ್‌ಗಳು ಸಿಗುವುದಿಲ್ಲ. ಡಿಸ್ಕ್ ಇಮೇಜ್ ಎಂದರೆ ಇಡೀ ಡಿಸ್ಕ್‌ನ ಯಥಾಸ್ಥಿತಿಯನ್ನು ಒಂದು ದೊಡ್ಡ ಫೈಲ್ ಆಗಿ ಹಿಡಿದಿಡುವುದು. ಬೂಟ್ ಆಗಲು ಬೇಕಾದ ಕಣ್ಣಿಗೆ ಕಾಣದ ಸಣ್ಣ ಪಾರ್ಟಿಷನ್‌ಗಳೂ ಅದರಲ್ಲಿರುತ್ತವೆ. ಹೊಸ ಡಿಸ್ಕ್ ಹಾಕಿ ಇಮೇಜ್ ಮರಳಿಸಿದರೆ ಕಂಪ್ಯೂಟರ್ ಆ ದಿನ ಹೇಗಿತ್ತೋ ಹಾಗೆಯೇ ತೆರೆದುಕೊಳ್ಳುತ್ತದೆ.

ಕ್ಲೋನ್ ಇದಕ್ಕಿಂತ ಬೇರೆ. ಒಂದು ಡಿಸ್ಕ್‌ನಲ್ಲಿರುವುದನ್ನು ನೇರವಾಗಿ ಇನ್ನೊಂದಕ್ಕೆ ಇಳಿಸುವುದೇ ಕ್ಲೋನ್. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವಾಗ ಅದು ಅನುಕೂಲ. ಆದರೆ ಬ್ಯಾಕಪ್‌ಗೆ ಇಮೇಜೇ ಉತ್ತಮ, ಏಕೆಂದರೆ ಒಂದೇ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಬೇರೆ ಬೇರೆ ದಿನಾಂಕದ ಹಲವು ಇಮೇಜ್‌ಗಳನ್ನು ಇಡಬಹುದು.

ಹಳೆಯ ನುಡಿ ಆವೃತ್ತಿ, ಅದಕ್ಕೆ ಹೊಂದಿಸಿಕೊಂಡ ಫಾಂಟ್‌ಗಳು, ಪ್ರಿಂಟರ್ ಡ್ರೈವರ್, ಸಿ ಡ್ರೈವ್‌ನಲ್ಲೇ ಉಳಿದ ಟ್ಯಾಲಿ ಲೆಕ್ಕ, ಇವೆಲ್ಲ ಇರುವ ಡಿಟಿಪಿ ಕೇಂದ್ರ ಅಥವಾ ಲೆಕ್ಕಪತ್ರ ಕಚೇರಿಗೆ ಇಮೇಜ್‌ನ ಬೆಲೆ ಹೆಚ್ಚು. ವಿಂಡೋಸ್ ಹೊಸದಾಗಿ ಹಾಕುವುದು ಒಂದೆರಡು ಗಂಟೆಯ ಕೆಲಸವಾದರೂ ಇವನ್ನೆಲ್ಲ ಮೊದಲಿನಂತೆ ಹೊಂದಿಸಲು ದಿನಗಳೇ ಬೇಕಾಗುತ್ತವೆ.

ರೆಸ್ಕ್ಯೂ ಪೆನ್‌ಡ್ರೈವ್‌ಗಳೆಲ್ಲ ಒಂದೇ ಅಲ್ಲ

ಬೂಟ್ ಆಗುವ ಪೆನ್‌ಡ್ರೈವ್ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಅದರಲ್ಲಿ ನಾಲ್ಕು ಬಗೆಗಳಿದ್ದು, ಒಂದೊಂದರ ಕೆಲಸ ಒಂದೊಂದು.

1. ಆ್ಯಂಟಿವೈರಸ್ ಎಮರ್ಜೆನ್ಸಿ ಡಿಸ್ಕ್: ಇದಕ್ಕೆ ಒಳ್ಳೆಯ ಉದಾಹರಣೆ ಪುಣೆ ವಿಮಾನ ನಿಲ್ದಾಣದ ಸಮೀಪದ ಬಡಾವಣೆ ವಿಮಾನ ನಗರದಲ್ಲೇ ಇದೆ. ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ವೃತ್ತಿ ಆರಂಭಿಸಿದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಕಾಟ್ಕರ್ ಕಟ್ಟಿದ ಕ್ವಿಕ್ ಹೀಲ್ ಟೆಕ್ನಾಲಜೀಸ್‌ನ ಕಚೇರಿ ಇರುವುದು ಇಲ್ಲಿ. ಕ್ಯಾಟ್ ಕಂಪ್ಯೂಟರ್ ಸರ್ವಿಸಸ್ ಎಂದಿದ್ದ ಕಂಪನಿ 2007ರಲ್ಲಿ ಈ ಹೆಸರು ಪಡೆದು, 2016ರಲ್ಲಿ ಷೇರುಪೇಟೆ ಪ್ರವೇಶಿಸಿತು. ಇದರ ಆ್ಯಂಟಿವೈರಸ್‌ನಲ್ಲಿರುವ ಎಮರ್ಜೆನ್ಸಿ ಡಿಸ್ಕ್ ಸೌಲಭ್ಯದಿಂದ ಸಿಡಿ ಅಥವಾ ಪೆನ್‌ಡ್ರೈವ್ ಸಿದ್ಧಪಡಿಸಿ, ವಿಂಡೋಸ್ ತೆರೆಯದೆಯೇ ಡಿಸ್ಕ್ ಅನ್ನು ಸ್ಕ್ಯಾನ್ ಮಾಡಬಹುದು. ವಿಂಡೋಸ್ ಚಾಲನೆಯಲ್ಲಿರುವಾಗ ಅಡಗಿ ಕೂರುವ ವೈರಸ್‌ಗಳನ್ನು ತೆಗೆಯಲು ಇದು ಸಹಾಯಕ. ಆದರೆ ಇದು ವೈರಸ್ ತೆಗೆಯುತ್ತದೆಯೇ ಹೊರತು ಅಳಿದುಹೋದ ವಿಂಡೋಸ್ ಅಥವಾ ಫೈಲ್‌ಗಳನ್ನು ಮರಳಿ ತರುವುದಿಲ್ಲ.

2. ವಿಂಡೋಸ್ ರಿಕವರಿ ಡ್ರೈವ್: ಸ್ಟಾರ್ಟ್ ಮೆನುವಿನಲ್ಲಿ 'ರಿಕವರಿ ಡ್ರೈವ್' ಎಂದು ಹುಡುಕಿದರೆ ಇದನ್ನು ತಯಾರಿಸುವ ಟೂಲ್ ಸಿಗುತ್ತದೆ. ಕನಿಷ್ಠ 16 ಜಿಬಿ ಪೆನ್‌ಡ್ರೈವ್ ಬೇಕು. ಸ್ಟಾರ್ಟ್‌ಅಪ್ ರಿಪೇರಿ, ಕಮಾಂಡ್ ಪ್ರಾಂಪ್ಟ್ ತೆರೆಯಲು, ವಿಂಡೋಸ್ ಮರುಸ್ಥಾಪಿಸಲು ಇದು ಸಾಕು. ನಿಮ್ಮ ಫೈಲ್‌ಗಳು, ನೀವು ಹಾಕಿಕೊಂಡ ಸಾಫ್ಟ್‌ವೇರ್ ಇದರಲ್ಲಿ ಇರುವುದಿಲ್ಲ.

3. ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್: ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಬಹುದು. ಹೊಸದಾಗಿ ವಿಂಡೋಸ್ ಹಾಕಲು ಇದು ಬೇಕು. 'ರಿಪೇರ್' ಆಯ್ಕೆಯೂ ಇರುತ್ತದೆ.

4. ಇಮೇಜಿಂಗ್ ಸಾಫ್ಟ್‌ವೇರ್‌ನ ರೆಸ್ಕ್ಯೂ ಮೀಡಿಯಾ: ನೀವು ತೆಗೆದಿಟ್ಟ ಇಮೇಜ್ ಅನ್ನು ಮರಳಿಸುವುದು ಇದು. ಯಾವ ಸಾಫ್ಟ್‌ವೇರ್‌ನಿಂದ ಇಮೇಜ್ ತೆಗೆದಿರೋ ಅದೇ ಸಾಫ್ಟ್‌ವೇರ್‌ನ ರೆಸ್ಕ್ಯೂ ಪೆನ್‌ಡ್ರೈವ್ ಬೇಕು. ಒಂದರ ಇಮೇಜ್ ಅನ್ನು ಇನ್ನೊಂದು ಓದುತ್ತದೆ ಎಂದು ನಂಬಿ ಕೂರಬೇಡಿ.

ಯಾವ ಸಾಫ್ಟ್‌ವೇರ್?

ಒಂದು ಕಾಲದಲ್ಲಿ ಈ ಕೆಲಸಕ್ಕೆ ನಾರ್ಟನ್ ಘೋಸ್ಟ್ ಮನೆಮಾತಾಗಿತ್ತು. ಅದರ ಮಾರಾಟ 2013ರಲ್ಲಿ ನಿಂತಿತು. ನಂತರ ಜನಪ್ರಿಯವಾದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ ಈಗ ಬೆಂಬಲವಿಲ್ಲ, ಹಣ ಕೊಟ್ಟು ಕೊಳ್ಳುವ ಆವೃತ್ತಿ ಮಾತ್ರ ಇದೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನಲ್‌ನಲ್ಲಿ 'ಬ್ಯಾಕಪ್ ಆ್ಯಂಡ್ ರಿಸ್ಟೋರ್ (ವಿಂಡೋಸ್ 7)' ಎಂಬ ಹೆಸರಿನಲ್ಲಿ ಸಿಸ್ಟಂ ಇಮೇಜ್ ಸೌಲಭ್ಯ ಉಳಿದಿದೆಯಾದರೂ, ಮೈಕ್ರೋಸಾಫ್ಟ್ ಅದರ ಅಭಿವೃದ್ಧಿಯನ್ನು ಎಂದೋ ನಿಲ್ಲಿಸಿದೆ.

ಉಚಿತವಾಗಿ ಬೇಕೆನ್ನುವವರಿಗೆ ತೈವಾನ್‌ನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಇದೆ. ಇದು ಲಿನಕ್ಸ್ ಆಧಾರಿತ ಮುಕ್ತ ಸಾಫ್ಟ್‌ವೇರ್. ಪೆನ್‌ಡ್ರೈವ್‌ನಿಂದಲೇ ಚಾಲೂ ಆಗುವುದರಿಂದ ಪ್ರತ್ಯೇಕ ರೆಸ್ಕ್ಯೂ ಮೀಡಿಯಾ ಬೇಡ. ಆದರೆ ಪರದೆಯಲ್ಲಿ ಬರೀ ಅಕ್ಷರಗಳ ಮೆನು ಇರುತ್ತದೆ, ಮತ್ತು ಇಮೇಜ್ ಮರಳಿಸುವ ಡಿಸ್ಕ್ ಮೂಲ ಡಿಸ್ಕ್‌ನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಅದರ ಇಮೇಜ್‌ಗಳನ್ನೇ ಮೌಸ್ ಬಳಸಿ ನಿಭಾಯಿಸಲು ರೆಸ್ಕ್ಯೂಜಿಲ್ಲಾ ಅನುಕೂಲ. ವಿಂಡೋಸ್ ಒಳಗಿನಿಂದಲೇ ಕೆಲಸ ಮಾಡುವವರಿಗೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿಯಿದೆ.

ಇಮೇಜ್ ತೆಗೆಯುವ ಕ್ರಮ

* ಇಮೇಜ್ ಇಡಲು ಎಕ್ಸ್‌ಟರ್ನಲ್ ಡಿಸ್ಕ್ ಬಳಸಿ. ಅದೇ ಡಿಸ್ಕ್‌ನ ಡಿ ಡ್ರೈವ್‌ನಲ್ಲಿ ಇಟ್ಟರೆ ಡಿಸ್ಕ್ ಕೆಟ್ಟ ದಿನ ಇಮೇಜ್ ಕೂಡ ಹೋಗುತ್ತದೆ.
* ಎಕ್ಸ್‌ಟರ್ನಲ್ ಡಿಸ್ಕ್ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ.
* ಸಿ ಡ್ರೈವ್ ಒಂದನ್ನೇ ಆರಿಸಬೇಡಿ. ಇಎಫ್‌ಐ, ರಿಕವರಿ ಸೇರಿದಂತೆ ಆ ಡಿಸ್ಕ್‌ನ ಎಲ್ಲ ಪಾರ್ಟಿಷನ್‌ಗಳನ್ನೂ ಟಿಕ್ ಮಾಡಿ. ಇಲ್ಲದಿದ್ದರೆ ಮರಳಿಸಿದ ಮೇಲೆ ಕಂಪ್ಯೂಟರ್ ಬೂಟ್ ಆಗದಿರಬಹುದು.
* ಕಂಪ್ರೆಷನ್ ಮತ್ತು ವೆರಿಫೈ ಆಯ್ಕೆಗಳಿದ್ದರೆ ಎರಡನ್ನೂ ಆನ್ ಮಾಡಿ. ಖಾಲಿ ಜಾಗವನ್ನು ಸಾಮಾನ್ಯವಾಗಿ ಸಾಫ್ಟ್‌ವೇರ್ ಬಿಟ್ಟುಬಿಡುತ್ತದೆ. ಹಾಗಾಗಿ 512 ಜಿಬಿ ಡಿಸ್ಕ್‌ನಲ್ಲಿ 150 ಜಿಬಿ ತುಂಬಿದ್ದರೆ ಇಮೇಜ್‌ಗೆ 512 ಜಿಬಿ ಬೇಕಾಗುವುದಿಲ್ಲ.
* ಇಮೇಜ್‌ಗೆ ಪಾಸ್‌ವರ್ಡ್ ಹಾಕಿ. ಬಿಟ್‌ಲಾಕರ್ ಇರುವ ಡ್ರೈವ್ ಅನ್ನು ವಿಂಡೋಸ್ ಒಳಗಿನಿಂದ ಇಮೇಜ್ ಮಾಡಿದಾಗ ಒಳಗಿನ ಮಾಹಿತಿ ಸಾಮಾನ್ಯವಾಗಿ ಬೀಗವಿಲ್ಲದೆ ದಾಖಲಾಗುತ್ತದೆ. ಆ ಎಕ್ಸ್‌ಟರ್ನಲ್ ಡಿಸ್ಕ್ ಯಾರ ಕೈಗಾದರೂ ಸಿಕ್ಕರೆ ಎಲ್ಲವೂ ಬಯಲು.
* ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದ ಅನುಮತಿಯಿಲ್ಲದೆ ಇಮೇಜ್ ತೆಗೆಯಬೇಡಿ. ಕಂಪನಿಯ ದತ್ತಾಂಶ ನಿಮ್ಮ ಸ್ವಂತ ಡಿಸ್ಕ್‌ಗೆ ಹೋಗುವುದು ಕೆಲಸಕ್ಕೇ ಕುತ್ತು ತರಬಹುದು.

ತಿಂಗಳಿಗೊಮ್ಮೆ ಪೂರ್ಣ ಇಮೇಜ್, ನಡುವೆ ವಾರಕ್ಕೊಮ್ಮೆ ಬದಲಾದಷ್ಟನ್ನು ಮಾತ್ರ ಸೇರಿಸುವ ಡಿಫರೆನ್ಷಿಯಲ್ ಇಮೇಜ್ ತೆಗೆದರೆ ಮನೆ ಬಳಕೆಗೆ ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬದಲಾಗುವವರು ಅದಕ್ಕೂ ಮುನ್ನ ಒಂದು ಇಮೇಜ್ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ರೆಸ್ಕ್ಯೂ ಪೆನ್‌ಡ್ರೈವ್ ಮಾಡಿ, ಪರೀಕ್ಷಿಸಿ

ಇಮೇಜಿಂಗ್ ಸಾಫ್ಟ್‌ವೇರ್‌ನಲ್ಲಿ 'ಕ್ರಿಯೇಟ್ ರೆಸ್ಕ್ಯೂ ಮೀಡಿಯಾ' ಅಥವಾ 'ರಿಕವರಿ ಮೀಡಿಯಾ' ಎಂಬ ಆಯ್ಕೆ ಇರುತ್ತದೆ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಯುವುದರಿಂದ ಖಾಲಿ ಪೆನ್‌ಡ್ರೈವ್ ಬಳಸಿ. ಕ್ಲೋನ್‌ಜಿಲ್ಲಾದಂಥ ಐಎಸ್‌ಒ ಫೈಲ್ ಆದರೆ ರೂಫಸ್ ಎಂಬ ಉಚಿತ ಟೂಲ್ ಮೂಲಕ ಪೆನ್‌ಡ್ರೈವ್‌ಗೆ ಬರೆಯಬಹುದು. ಫೈಲ್ ಅನ್ನು ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ.

ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಅಸಲಿ ಕೆಲಸ ಇರುವುದು ಮುಂದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಆ ಪೆನ್‌ಡ್ರೈವ್‌ನಿಂದ ಒಮ್ಮೆ ಬೂಟ್ ಮಾಡಿ ನೋಡಬೇಕು. ಆನ್ ಮಾಡಿದ ತಕ್ಷಣ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀ ಒತ್ತಿದರೆ ಬೂಟ್ ಮೆನು ಬರುತ್ತದೆ. ವಿಂಡೋಸ್ ಒಳಗಿನಿಂದ ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಕ್ಲಿಕ್ ಮಾಡಿದರೂ 'ಯೂಸ್ ಎ ಡಿವೈಸ್' ಆಯ್ಕೆ ಸಿಗುತ್ತದೆ.

ರೆಸ್ಕ್ಯೂ ಪರದೆ ತೆರೆದ ಮೇಲೆ ಎರಡು ವಿಷಯ ಗಮನಿಸಿ. ಕಂಪ್ಯೂಟರ್‌ನ ಒಳಗಿನ ಡಿಸ್ಕ್ ಕಾಣುತ್ತಿದೆಯೇ? ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವ ಇಮೇಜ್ ಕಾಣುತ್ತಿದೆಯೇ? ಇಂಟೆಲ್ 11ನೇ ತಲೆಮಾರಿನ ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಇರುವುದರಿಂದ, ಇಂಟೆಲ್ ಸ್ಟೋರೇಜ್ ಡ್ರೈವರ್ ಸೇರಿಸದಿದ್ದರೆ ರೆಸ್ಕ್ಯೂ ಪರದೆಯಲ್ಲಿ ಒಳಗಿನ ಡಿಸ್ಕ್ ಕಾಣಿಸದೇ ಇರಬಹುದು. ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗುವ ಅಗತ್ಯವಿಲ್ಲ. ಡ್ರೈವರ್ ಸೇರಿಸಿ ಪೆನ್‌ಡ್ರೈವ್ ಮತ್ತೆ ಸಿದ್ಧಪಡಿಸಿ. ಪರೀಕ್ಷೆಯ ವೇಳೆ 'ರಿಸ್ಟೋರ್' ಮಾತ್ರ ಒತ್ತಬೇಡಿ.

48 ಅಂಕಿಗಳ ಬೀಗ

2024ರ ಜುಲೈನಲ್ಲಿ ಅನೇಕ ಕಚೇರಿಗಳಲ್ಲಿ ದುರಸ್ತಿ ತಡವಾಗಲು ಬಿಟ್‌ಲಾಕರ್ ಕೂಡ ಕಾರಣವಾಗಿತ್ತು. ಡಿಸ್ಕ್‌ಗೆ ಬೀಗ ಹಾಕಿದ್ದರಿಂದ ಪ್ರತಿ ಯಂತ್ರವೂ 48 ಅಂಕಿಗಳ ರಿಕವರಿ ಕೀ ಕೇಳುತ್ತಿತ್ತು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಈ ಬೀಗ ತಾನಾಗಿಯೇ ಬೀಳುತ್ತದೆ. ಬಳಕೆದಾರರಿಗೆ ಅದು ಗೊತ್ತೇ ಇರುವುದಿಲ್ಲ. ಮೊಬೈಲ್‌ನ ಬ್ರೌಸರ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು, ಡಿವೈಸ್ ವಿಭಾಗದಲ್ಲಿ ರಿಕವರಿ ಕೀ ನೋಡಿ ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್‌ನಲ್ಲಿ ಉಳಿಸಿದರೆ, ಮನೆಯೊಳಗೆ ಕೀಲಿಕೈ ಇಟ್ಟು ಬಾಗಿಲು ಹಾಕಿಕೊಂಡಂತೆ.

ಇಮೇಜ್ ಮರಳಿಸುವಾಗ ಎಚ್ಚರ

ರಿಸ್ಟೋರ್ ಮಾಡಿದರೆ ಆ ಡಿಸ್ಕ್‌ನಲ್ಲಿ ಈಗ ಇರುವುದೆಲ್ಲ ಅಳಿಯುತ್ತದೆ. ಹಾಗಾಗಿ ಬೇಡದ ಡಿಸ್ಕ್‌ಗಳನ್ನು ಮೊದಲೇ ಬಿಚ್ಚಿಡಿ, ಡಿಸ್ಕ್‌ನ ಮಾದರಿ ಹೆಸರು ಮತ್ತು ಗಾತ್ರ ಎರಡನ್ನೂ ನೋಡಿ ಆಯ್ಕೆ ಮಾಡಿ. ಸೋರ್ಸ್ ಮತ್ತು ಟಾರ್ಗೆಟ್ ಅದಲು ಬದಲಾದರೆ ಮತ್ತೆ ಸರಿಪಡಿಸುವ ದಾರಿ ಇರುವುದಿಲ್ಲ.

ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಅದರಲ್ಲಿರುವ ಮಾಹಿತಿಯ ಬೇರೆ ಪ್ರತಿ ಇಲ್ಲದಿದ್ದರೆ, ಯಾವ ರಿಪೇರಿ ಟೂಲ್ ಅನ್ನೂ ಓಡಿಸಬೇಡಿ. ಚೆಕ್‌ಡಿಸ್ಕ್ ಪದೇ ಪದೇ ಓಡಿಸಿದರೆ ಉಳಿದಿದ್ದೂ ಹೋಗಬಹುದು. ಕಂಪ್ಯೂಟರ್ ಆಫ್ ಮಾಡಿ ಡೇಟಾ ರಿಕವರಿ ತಜ್ಞರ ಬಳಿ ಒಯ್ಯುವುದೇ ಸರಿ.

ಬ್ಯಾಕಪ್ ಡಿಸ್ಕ್ ಸದಾ ಜೋಡಿಸಿಡಬೇಡಿ

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ರಾನ್ಸಮ್‌ವೇರ್ ದಾಳಿ ನಡೆದಾಗ ಹಲವು ದಿನ ರೋಗಿಗಳ ನೋಂದಣಿಯನ್ನು ಕೈಬರಹದಲ್ಲೇ ನಡೆಸಬೇಕಾಯಿತು. ಇಂಥ ಕುತಂತ್ರಾಂಶಗಳು ಜೋಡಿಸಿರುವ ಎಕ್ಸ್‌ಟರ್ನಲ್ ಡಿಸ್ಕ್ ಅನ್ನೂ ಬಿಡುವುದಿಲ್ಲ. ಇಮೇಜ್ ತೆಗೆದ ಕೂಡಲೇ ಡಿಸ್ಕ್ ಬಿಚ್ಚಿಡಿ. ಮುಖ್ಯ ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರ ಪಾಲಿಸಿದರೆ ಇನ್ನೂ ಉತ್ತಮ.

ನೆನಪಿಡಬೇಕಾದ್ದಿಷ್ಟು

* ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇತ್ತೀಚಿನ ಇಮೇಜ್, ಮೇಲೆ ದಿನಾಂಕದ ಚೀಟಿ
* ಅದೇ ಕಂಪ್ಯೂಟರ್‌ನಲ್ಲಿ ಬೂಟ್ ಮಾಡಿ ನೋಡಿದ ರೆಸ್ಕ್ಯೂ ಪೆನ್‌ಡ್ರೈವ್
* ಕಾಗದದಲ್ಲಿ ಬರೆದ ಬಿಟ್‌ಲಾಕರ್ ಕೀ, ಪ್ರತ್ಯೇಕ ಜಾಗದಲ್ಲಿ
* ಇಮೇಜ್‌ನ ಪಾಸ್‌ವರ್ಡ್, ಮನೆಯ ಇನ್ನೊಬ್ಬರಿಗೂ ತಿಳಿದಿರಲಿ
* ಆರು ತಿಂಗಳಿಗೊಮ್ಮೆ ಇಮೇಜ್ ತೆರೆದು ಒಂದೆರಡು ಫೈಲ್ ಹೊರತೆಗೆದು ಪರೀಕ್ಷೆ

ಇಷ್ಟಕ್ಕೆ ಬೇಕಿರುವುದು ಒಂದು ಎಕ್ಸ್‌ಟರ್ನಲ್ ಡಿಸ್ಕ್, ಒಂದು ಪೆನ್‌ಡ್ರೈವ್ ಮತ್ತು ಒಂದು ಭಾನುವಾರದ ಮಧ್ಯಾಹ್ನ. ಕಂಪ್ಯೂಟರ್ ಸರಿಯಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ನೀಲಿ ಪರದೆ ಬಂದ ಮೇಲೆ ಇಮೇಜ್ ತೆಗೆಯಲು ಹೊರಟರೆ ಕೆಟ್ಟ ವಿಂಡೋಸ್‌ನ ಇಮೇಜ್ ಸಿಗುತ್ತದೆ ಅಷ್ಟೇ.