ಚಲಿಸುವ ಅಕ್ಷರ

ಅಕ್ಷರವೆಂದರೆ ಕ್ಷಯವಿಲ್ಲದ್ದು ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಅದು ನಿಂತಲ್ಲೇ ನಿಂತಿರಬೇಕೆಂಬ ಭಾವನೆಯೂ ಅದರೊಡನೆ ನಮ್ಮಲ್ಲಿ ಬೇರೂರಿತು. ಐದನೆಯ ಶತಮಾನದ ಹಲ್ಮಿಡಿ ಶಾಸನದಿಂದ ನಮ್ಮ ಹಾನಗಲ್ಲ ಸೀಮೆಯ ವೀರಗಲ್ಲುಗಳವರೆಗೆ ಕನ್ನಡದ ಅಕ್ಷರ ಕಲ್ಲಿನಲ್ಲಿ ಕದಲದೆ ಕುಳಿತಿದೆ. ಇಂದು ಅದು ತೆರೆಯ ಮೇಲೆ ಓಡುತ್ತದೆ, ಕುಣಿಯುತ್ತದೆ. ಮದುವೆಯ ವಿಡಿಯೋದಲ್ಲಿ ವಧೂವರರ ಹೆಸರು ಹೂವಿನಂತೆ ಉದುರಿ ಬಂದು ಕೂಡಿಕೊಳ್ಳುತ್ತದೆ. ಈ ಚಲನೆಗೂ ಒಂದು ಚರಿತ್ರೆಯುಂಟು.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ಒತ್ತಕ್ಷರದ ತೊಡಕಿಲ್ಲ. ಸೀಸದ ಮೊಳೆಯ ಕಾಲ ಬಂದಾಗ ಮಾತ್ರ ಅಕ್ಷರದ ಮೈ ಒಂದು ಮೊಳೆ, ಅದರ ಒತ್ತು ಇನ್ನೊಂದು ಮೊಳೆಯಾಯಿತು. ಆದರೂ ಜೋಡಿಸಿ ಬಿಗಿದ ಮೇಲೆ ಅಕ್ಷರ ಒಂದಾಗಿಯೇ ಓದುಗನ ಕಣ್ಣಿಗೆ ಬೀಳುತ್ತಿತ್ತು. ಬಿಡಿಭಾಗಗಳ ಗುಟ್ಟು ಅಚ್ಚುಕೂಟದೊಳಗೇ ಉಳಿಯುತ್ತಿತ್ತು.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಆ ಕಾಲದ ಚಿತ್ರಗಳ ಶೀರ್ಷಿಕೆಯನ್ನು ಕಲಾವಿದರು ಕೈಯಿಂದಲೇ ಬರೆಯುತ್ತಿದ್ದರು. ಕ್ಯಾಮೆರಾ ಅದನ್ನು ಸೆರೆಹಿಡಿಯುತ್ತಿತ್ತು. ಅಕ್ಷರ ಚಲಿಸಬೇಕೆಂದರೆ ಸೆಕೆಂಡಿಗೆ 24 ಚಿತ್ರಗಳಂತೆ ಅದನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ತೆಗೆಯಬೇಕು. 1959ರಲ್ಲಿ ಅಮೆರಿಕದ ಸಾಲ್ ಬಾಸ್ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರಕ್ಕೆ ಹೆಸರುಗಳನ್ನು ಲಿಫ್ಟಿನಂತೆ ಏರಿಳಿಸಿ ತೋರಿಸಿದನು. 1993ರಲ್ಲಿ ‘ಆಫ್ಟರ್ ಎಫೆಕ್ಟ್ಸ್’ ಎಂಬ ತಂತ್ರಾಂಶ ಬಂದ ಮೇಲೆ ಈ ಕೆಲಸ ಮೇಜಿನ ಮೇಲಿನ ಗಣಕಕ್ಕೆ ಇಳಿಯಿತು. ಅಂತಹ ತಂತ್ರಾಂಶಗಳು ಮುಂದೆ ಹಲವು ಬಂದವು.

ಕೈ ಬರೆಯುವಾಗ ಅಕ್ಷರವನ್ನು ಇಡಿಯಾಗಿ ಬಲ್ಲದು. ಗಣಕ ಬಲ್ಲುದು ಸಂಖ್ಯೆಯನ್ನು. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಅಲ್ಲಿ ಒತ್ತಕ್ಷರಕ್ಕೆ ಸ್ವಂತ ಮನೆಯಿಲ್ಲ. ‘ಕ್ಕಿ’ ಎಂದರೆ ಕಕಾರ, ಹಲಂತದ ಚಿಹ್ನೆ, ಮತ್ತೊಂದು ಕಕಾರ, ಗುಡಿಸು ಹೀಗೆ ನಾಲ್ಕು ಸಂಖ್ಯೆ. ‘ಅಕ್ಕಿಆಲೂರು’ ನಮ್ಮ ಕಣ್ಣಿಗೆ 5 ಅಕ್ಷರ, ಗಣಕಕ್ಕೆ 10 ಸಂಖ್ಯೆ.

ನನ್ನ ವಿದ್ಯಾರ್ಥಿಗಳು ರಾಜ್ಯೋತ್ಸವಕ್ಕೊಂದು ಕಿರುಚಿತ್ರ ಮಾಡಿದರು. ಅದರಲ್ಲಿ ಊರ ಹೆಸರು ಒಂದೊಂದೇ ಅಕ್ಷರವಾಗಿ ಮೂಡಬೇಕಿತ್ತು. ತಂತ್ರಾಂಶ ಸಂಖ್ಯೆಗೊಂದರಂತೆ ಬಿಡಿಸುತ್ತ ಹೋಯಿತು: ಅ, ಅಕ, ಅಕ್, ಅಕ್ಕ, ಅಕ್ಕಿ. ನಮ್ಮೂರು ಅಕ್ಕಿಯಾಗುವ ಮುನ್ನ ಅಕ್ಕನಾಗಿ ಬಂದು ಹೋದದ್ದನ್ನು ಕಂಡು ಎಲ್ಲರೂ ನಕ್ಕರು. ‘ಕರ್ನಾಟಕ’ದ ಪಾಡು ಇನ್ನೂ ವಿಚಿತ್ರ. ಮೊದಲು ‘ಕರ’ ಎಂದು ನೆಟ್ಟಗೆ ನಿಂತ ರಕಾರ, ನಕಾರ ಬಂದೊಡನೆ ಅರ್ಕಾವತ್ತಾಗಿ ಅದರ ಬೆನ್ನ ಹಿಂದೆ ಸರಿಯಿತು.

ನಗೆಯಾಚೆಗೂ ಇಲ್ಲಿ ವಿಚಾರವಿದೆ. ರೋಮನ್ ಲಿಪಿಯಲ್ಲಿ ಬಿಡಿ ಅಕ್ಷರ ಓದುವುದಕ್ಕೂ ಘಟಕ, ಎಣಿಸುವುದಕ್ಕೂ ಘಟಕ. ನಮ್ಮ ಕಾಗುಣಿತ ಕಲಿತ ಮಗುವಿಗೆ ‘ಕ್ಕಿ’ ಒಂದೇ ಅಕ್ಷರ. ಛಂದಸ್ಸಿನ ಪಾಠದಲ್ಲಿಯೂ ಒಂದೇ. ಓದುವವನಿಗೆ ಒಂದಾಗಿ ಕಾಣುವ ಗುಂಪನ್ನು ತಂತ್ರಾಂಶವೂ ಒಂದೆಂದೇ ಎಣಿಸಬೇಕು. ಅಲ್ಲಿಯವರೆಗೆ ಬಲ್ಲವರು ಪದವನ್ನು ಇಡಿಯಾಗಿ ಚಲಿಸುತ್ತಾರೆ, ಇಲ್ಲವೇ ಒಂದೊಂದು ಅಕ್ಷರವನ್ನೂ ಚಿತ್ರವಾಗಿಸಿ ಕುಣಿಸುತ್ತಾರೆ. ಮೊಳೆ ಜೋಡಿಸುವವನ ಹಳೆಯ ಸಹನೆಯೇ ಅದು.

ಇಂದಿನ ಮಕ್ಕಳು ಪುಸ್ತಕಕ್ಕಿಂತ ಮೊದಲು ತೆರೆಯ ಮೇಲೆ ಕನ್ನಡವನ್ನು ಕಾಣುತ್ತಾರೆ. ಅಕ್ಷರ ಬೇಕಾದಷ್ಟು ಓಡಲಿ. ಓಡುವಾಗ ತನ್ನ ಒತ್ತನ್ನು ಹಿಂದೆ ಬಿಟ್ಟು ಹೋಗದಿರಲಿ.